ಘಟ್ಟದ ಮೇಲೆ ಡೇರೆ, ಘಟ್ಟದ ಕೆಳಗೆ ದಾಸವಾಳ: ನಿಮ್ಮ ಅಂಗಳಕ್ಕೆ ಯಾವ ಗಿಡ?

ಮದುವೆಯಾಗಿ ಕಾರವಾರಕ್ಕೆ ಬಂದ ಮೊದಲ ವರ್ಷ ತವರಿನಿಂದ ಒಂದು ಚೀಲ ಡೇರೆ, ಅಂದರೆ ಡೇಲಿಯಾ ಹೂವಿನ ಗಡ್ಡೆ ತಂದಿದ್ದೆ. ಶಿರಸಿ ಹತ್ತಿರದ ನಮ್ಮ ಊರಿನಲ್ಲಿ ಡೇರೆ ನೆಡುವುದನ್ನು ಯಾರೂ ಕೆಲಸ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇ ತಿಂಗಳಲ್ಲಿ ಎರಡು ಅಡ್ಡಮಳೆ ಬಿದ್ದರೆ ಸಾಕು, ಹೋದ ವರ್ಷ ಕೀಳಲು ಮರೆತ ಗಡ್ಡೆಯೂ ತಾನಾಗಿ ಮೊಳೆತು ಬರುತ್ತದೆ. ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲೂ ಅವು ಮೊಳೆತವು, ಎದೆಮಟ್ಟಕ್ಕೆ ಬೆಳೆದವು, ಆಮೇಲೆ ಕಡ್ಡಿಯ ಹಾಗೆ ಸೊರಗಿ ನಿಂತವು. ಚೌತಿ ಹಬ್ಬಕ್ಕೆ ಎರಡೇ ಹೂ, ಅದೂ ಅಂಗಿ ಗುಂಡಿಗಿಂತ ಸ್ವಲ್ಪ ದೊಡ್ಡದು. ದೀಪಾವಳಿ ಹೊತ್ತಿಗೆ ಅಗೆದು ನೋಡಿದರೆ ಗಡ್ಡೆ ಕೊಳೆತು ನೀರಾಗಿತ್ತು.

ಆಯಿಗೆ ಫೋನ್ ಮಾಡಿದರೆ ಅವಳದು ಒಂದೇ ಪ್ರಶ್ನೆ: "ಗೊಬ್ಬರ ಹಾಕಿದ್ಯ ಇಲ್ಯನೆ?" ಹಾಕಿದ್ದೆ. ಪಕ್ಕದ ಮನೆಯ ರಿಟೈರ್ಡ್ ಅಕ್ಕೋರು ಮಾತ್ರ ಬೇಲಿಯಾಚೆಯಿಂದ ಸರಿಯಾದ ಉತ್ತರ ಕೊಟ್ಟರು. "ತಂಗಿ, ಇಲ್ಲಿ ರಾತ್ರಿನೂ ನಮಗೇ ಬೆವರು ಇಳೀತದೆ. ತಂಪಲ್ಲಿ ಬೆಳೆದ ಗಿಡಕ್ಕೆ ನಿದ್ದೆ ಎಲ್ಲಿಂದ ಬರ್ಬೇಕು?"

ಅವರು ತಮಾಷೆಗೆ ಹೇಳಿದ್ದೋ ಏನೋ, ಆದರೆ ವಿಷಯ ಇರುವುದೇ ಅಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯದು ಹಿತವಾದ ಹವೆ, ಚಳಿಯೂ ಜಾಸ್ತಿ ಇಲ್ಲ, ಬಿಸಿಲೂ ಜಾಸ್ತಿ ಇಲ್ಲ, ಏನು ನೆಟ್ಟರೂ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಏನು ನೆಟ್ಟರೂ ಚಿಗುರುತ್ತದೆ, ಅಷ್ಟು ನಿಜ. ಹೂ ಬಿಡುವುದು ಬೇರೆ ಮಾತು. ಹತ್ತು ವರ್ಷ ಎರಡೂ ಕಡೆ ಕೈಗೆ ಮಣ್ಣು ಮಾಡಿಕೊಂಡ ಮೇಲೆ ನನಗೆ ಅನಿಸಿದ್ದು ಇಷ್ಟು: ಗಿಡ ಕೊಳ್ಳುವಾಗ ಅದರ ಇವತ್ತಿನ ಹೂ ನೋಡಬೇಡಿ. ನಿಮ್ಮ ಅಂಗಳದ ಜನವರಿಯ ರಾತ್ರಿ ಹೇಗಿರುತ್ತದೆ, ಜುಲೈ ತಿಂಗಳು ಹೇಗಿರುತ್ತದೆ ಎಂದು ನೋಡಿ.

ರಾತ್ರಿಯ ಲೆಕ್ಕ, ಜುಲೈ ಲೆಕ್ಕ

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಕಾರವಾರ ಸಮುದ್ರದ ಪಕ್ಕದಲ್ಲೇ ಇದೆ. ಸಾವಿರ ಮೀಟರ್ ಮೇಲೆ ಹೋದರೆ ಆರೂವರೆ ಡಿಗ್ರಿಯಷ್ಟು ತಂಪಾಗುತ್ತದೆ ಎನ್ನುವ ಸಾಮಾನ್ಯ ಲೆಕ್ಕ ಹಿಡಿದರೆ ದೇವಿಮನೆ ಘಟ್ಟ ಹತ್ತಿದವರಿಗೆ ನಾಲ್ಕು ಡಿಗ್ರಿ ಸಿಗಬೇಕು. ಆದರೆ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಶಿರಸಿ ಪೇಟೆಯಲ್ಲಿ ನಿಂತು ನೋಡಿ, ಕಾರವಾರಕ್ಕಿಂತ ಒಂದು ಚೂರೂ ತಂಪಿಲ್ಲ. ಕಡಲಗಾಳಿ ಇಲ್ಲದ್ದಕ್ಕೆ ಇನ್ನೂ ಸುಡುತ್ತದೆ. ವ್ಯತ್ಯಾಸ ಇರುವುದು ರಾತ್ರಿಯಲ್ಲಿ. ಚಳಿಗಾಲದಲ್ಲಿ ಶಿರಸಿಯಲ್ಲಿ ಬೆಳಗಿನ ಜಾವ 14, 15 ಡಿಗ್ರಿಗೆ ಇಳಿಯುತ್ತದೆ, ಕಂಬಳಿ ಬೇಕೇ ಬೇಕು. ಕಾರವಾರದಲ್ಲಿ ಅದೇ ಹೊತ್ತಿಗೆ 20ರ ಆಸುಪಾಸು, ಒಂದು ತೆಳು ಹೊದಿಕೆ ಸಾಕು.

ಗಿಡ ಹಗಲು ಬಿಸಿಲಿನಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ, ರಾತ್ರಿ ಉಸಿರಾಡುತ್ತಾ ಅದರಲ್ಲಿ ಒಂದಿಷ್ಟನ್ನು ಖರ್ಚು ಮಾಡುತ್ತದೆ. ರಾತ್ರಿ ಬಿಸಿ ಇದ್ದಷ್ಟೂ ಖರ್ಚು ಜಾಸ್ತಿ. ತಂಪು ನಾಡಿನಿಂದ ಬಂದ ಗಿಡಕ್ಕೆ ಕರಾವಳಿಯಲ್ಲಿ ದುಡಿದದ್ದೆಲ್ಲ ರಾತ್ರಿಯ ಖರ್ಚಿಗೇ ಹೋಗುತ್ತದೆ, ಹೂವಿಗೆ ಉಳಿಯುವುದಿಲ್ಲ. ಡೇರೆಯ ಮೂಲ ಮೆಕ್ಸಿಕೋದ ಎತ್ತರದ ಗುಡ್ಡಗಾಡು. ಅಲ್ಲಿ ಬೇಸಿಗೆಯಲ್ಲಿ ಮಳೆ, ರಾತ್ರಿ ತಂಪು. ಶಿರಸಿಯ ಮಳೆಗಾಲ ಅದಕ್ಕೆ ಹತ್ತಿರ ಬರುತ್ತದೆ. ಹಾಗಾಗಿಯೇ ಮಲೆನಾಡಿನ ಪ್ರತಿ ಮನೆಯ ಅಂಗಳದಲ್ಲೂ ಅದು ಹಾಗೆ ನೆಲೆ ಊರಿದ್ದು.

ಇನ್ನು ಜುಲೈ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ, ಕಾರವಾರದಲ್ಲಿ ಇನ್ನೂ ಹೆಚ್ಚು. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದು ಸಾವಿರದ ಆಸುಪಾಸು. ಇದನ್ನು ಹೇಳಲು ಕಾರಣ ಇದೆ. ಬೀಜದ ಪೊಟ್ಟಣದ ಹಿಂದೆ, ವಿಡಿಯೋಗಳಲ್ಲಿ "ಹಿತವಾದ ಹವೆಗೆ ಸೂಕ್ತ" ಎಂದು ಹೇಳುತ್ತಾರಲ್ಲ, ಅದು ಹೆಚ್ಚಾಗಿ ಕ್ಯಾಲಿಫೋರ್ನಿಯಾ, ಇಟಲಿಯಂಥ ಕಡೆಯ ಹವೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣ ಒಣ. ನಮ್ಮದು ಪೂರ್ತಿ ಉಲ್ಟಾ. ಲ್ಯಾವೆಂಡರ್, ರೋಸ್‌ಮೆರಿ, ಜೆರೇನಿಯಂ ಎಲ್ಲ ಡಿಸೆಂಬರ್‌ನಲ್ಲಿ ನಮ್ಮಲ್ಲಿ ಚೆನ್ನಾಗಿಯೇ ಇರುತ್ತವೆ, ಜುಲೈಯಲ್ಲಿ ಬುಡದಿಂದ ಕಪ್ಪಾಗಿ ಹೋಗುತ್ತವೆ. ಘಟ್ಟದ ಮೇಲೆ, ಕೆಳಗೆ ಎರಡೂ ಕಡೆ. ನಾನು ಲ್ಯಾವೆಂಡರ್‌ಗೆ ಮೂರು ಸಲ ದುಡ್ಡು ಹಾಕಿದ್ದೇನೆ. ನೀವು ಹಾಕಬೇಡಿ.

ಗುಲಾಬಿಯೋ ದಾಸವಾಳವೋ

ಎಲ್ಲರೂ ಮೊದಲು ಕೇಳುವುದು ಗುಲಾಬಿ. ನರ್ಸರಿಯಲ್ಲಿ ಜನವರಿಯಲ್ಲಿ ಅಂಗೈಯಗಲದ ಹೂ ಬಿಟ್ಟು ನಿಂತಿರುತ್ತದೆ, ತಾರದೇ ಇರಲು ಮನಸ್ಸು ಬರುವುದಿಲ್ಲ. ಈ ಕಸಿ ಗಿಡಗಳು ಬಹಳಷ್ಟು ಬೆಂಗಳೂರು, ಪುಣೆ ಕಡೆಯಿಂದ ಲಾರಿಯಲ್ಲಿ ಬರುತ್ತವೆ. ಬೆಂಗಳೂರು 900 ಮೀಟರ್ ಎತ್ತರದ ಊರು, ಮಳೆ ಕಡಿಮೆ, ರಾತ್ರಿ ತಂಪು. ಅಲ್ಲಿ ಬೆಳೆದ ಗಿಡ ಇಲ್ಲಿ ಬಂದು ಮೊದಲ ಹೂ ಮುಗಿಸುತ್ತದೆ, ಎರಡನೆಯ ಸಲ ಸಣ್ಣ ಹೂ ಬಿಡುತ್ತದೆ, ಮಳೆ ಶುರುವಾದ ಹದಿನೈದು ದಿನಕ್ಕೆ ಎಲೆಗೆ ಕಪ್ಪು ಚುಕ್ಕೆ ಬಂದು ಬೋಳಾಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಾದರೆ ಗುಲಾಬಿ ಸಾಕಬಹುದು, ಆದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಹೂ ಎಂದು ಮನಸ್ಸಿಗೆ ಹೇಳಿಕೊಂಡು. ಮಳೆ ಕಡಿಮೆಯಾದ ಕೂಡಲೇ ಅರ್ಧಕ್ಕೆ ಕತ್ತರಿಸಿ, ಬುಡ ಬಿಡಿಸಿ, ಕೊಟ್ಟಿಗೆ ಗೊಬ್ಬರ ಹಾಕಿದರೆ ಡಿಸೆಂಬರ್‌ಗೆ ಒಳ್ಳೆ ಹೂ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಅಡಿಕೆ ತೋಟದ ಅಂಚಿನ ಮನೆಗಳಲ್ಲಿ ಸೋತು ಹೋಗುವುದು ಇಲ್ಲೇ, ಬಿಸಿಲು ಬೀಳುವ ಜಾಗದಲ್ಲೆಲ್ಲ ಅಡಿಕೆ ಒಣಗಿಸಿರುತ್ತಾರೆ! ತೋಟದವರಿಗೆ ಒಂದು ಅನುಕೂಲವೂ ಉಂಟು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಗುಲಾಬಿಯ ಕಪ್ಪು ಚುಕ್ಕೆಗೂ ಆಗುತ್ತದೆ. ಅದೇ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಅಳತೆ. ತೋಟಕ್ಕೆ ಹೊಡೆಯುವ ದಿನ ಮನೆ ಮುಂದಿನ ಗುಲಾಬಿಗೂ ನಾಲ್ಕು ಸಿಂಪಡಣೆ ಕೊಡಿಸಿ. ರೋಗ ಬಂದ ಮೇಲಲ್ಲ, ಬರುವ ಮೊದಲು. ಪಕ್ಕದಲ್ಲಿ ಆರ್ಕಿಡ್ ಇದ್ದರೆ ಮಾತ್ರ ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ, ಮೈಲುತುತ್ತದ ತಾಮ್ರ ಡೆಂಡ್ರೋಬಿಯಂ ಜಾತಿಯ ಆರ್ಕಿಡ್‌ಗೆ ಆಗಿಬರುವುದಿಲ್ಲ.

ಕಾರವಾರ, ಅಂಕೋಲಾ, ಕುಮಟಾದವರಿಗೆ ನನ್ನ ನೇರ ಮಾತು: ಗುಲಾಬಿ ಬಿಡಿ, ದಾಸವಾಳ ಇಡಿ. ತೀರಾ ಆಸೆ ಇದ್ದರೆ ಒಂದು ಪನ್ನೀರು ಗುಲಾಬಿ ಸಾಕು. ದಾಸವಾಳಕ್ಕೆ ಬಿಸಿ ರಾತ್ರಿ, ಒದ್ದೆ ಗಾಳಿ ಎರಡೂ ಇಷ್ಟ, ವರ್ಷವಿಡೀ ಹೂ, ದೇವರಿಗೂ ಆಯಿತು, ತಲೆಗೆ ಹಚ್ಚುವ ಸೊಪ್ಪೂ ಆಯಿತು. ಆದರೆ ಕೊಳ್ಳುವಾಗ ಒಂದು ಎಚ್ಚರ. ತಟ್ಟೆಯಗಲದ, ಎರಡು ಮೂರು ಬಣ್ಣದ ಹೈಬ್ರಿಡ್ ಗಿಡಗಳು ಮಳೆಗಾಲದಲ್ಲಿ ಮೊಗ್ಗು ಉದುರಿಸುತ್ತವೆ, ಬೇರು ಬೇಗ ಕೊಳೆಯುತ್ತದೆ. ಅವನ್ನು ಕುಂಡದಲ್ಲಿ ಮಾಡಿನ ಕೆಳಗೆ ಇಡಬೇಕು. ನೆಲಕ್ಕೆ ಊರಿನ ಐದೆಸಳಿನ ಕೆಂಪು, ಬಿಳಿ, ಮುದ್ದೆ ದಾಸವಾಳವೇ ಸರಿ. ಯಾರ ಬೇಲಿಯಿಂದಲಾದರೂ ಒಂದು ಗೆಲ್ಲು ಕೇಳಿ ಜೂನ್‌ನಲ್ಲಿ ಊರಿದರೆ ಮುಗಿಯಿತು. ಬೇಸಿಗೆಯಲ್ಲಿ ಬಿಳಿ ಹಿಟ್ಟಿನ ತಿಗಣೆ ಹತ್ತುತ್ತದೆ, ಮೊದಲು ಪೈಪಿನ ನೀರು ಜೋರಾಗಿ ಬಿಡಿ, ಹೋಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು.

ಘಟ್ಟದ ಮೇಲೂ ದಾಸವಾಳ ಬರುತ್ತದೆ. ಅಲ್ಲಿ ಅದರ ವೈರಿ ಹವೆಯಲ್ಲ, ಮಂಗ. ಮೊಗ್ಗು ಸಮೇತ ಕಿತ್ತು ತಿಂದು ಹೋಗುತ್ತವೆ, ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಹೈಡ್ರೇಂಜಿಯಾ, ಕೇಪಳ: ಮಣ್ಣಿನ ಹುಳಿ

ಹೈಡ್ರೇಂಜಿಯಾ ಅಂದರೆ ಹೂಕೋಸಿನಷ್ಟು ದಪ್ಪ ಗೊಂಚಲಿನ ನೀಲಿ ಹೂ, ಶಿರಸಿ ಕಡೆ ಹಳೆ ಮನೆಗಳ ಬಚ್ಚಲ ಹಿಂದೆ ನೋಡಿರುತ್ತೀರಿ. ಜಪಾನಿನ ಗಿಡ ಇದು. ಅಲ್ಲಿ ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲೇ ಹೂ ಬಿಡುತ್ತದೆ. ಹಾಗಾಗಿ ನಮ್ಮ ಮಳೆಗೆ ಹೆದರುವುದಿಲ್ಲ, ಹೆದರುವುದು ಬೇಸಿಗೆಯ ಬಿಸಿಲಿಗೆ. ಬೆಳಗಿನ ಎಳೆ ಬಿಸಿಲು, ಮಧ್ಯಾಹ್ನದ ಮೇಲೆ ನೆರಳು, ಬುಡಕ್ಕೆ ದರಕು (ಉದುರಿದ ಒಣ ಎಲೆ), ಇಷ್ಟಾದರೆ ಶಿರಸಿಯಲ್ಲಿ ಅದನ್ನು ಬೆಳೆಸುವುದು ಸುಲಭ.

ಇದರ ಬಣ್ಣದ ಆಟ ಮಜಾ ಇದೆ. ಮಣ್ಣು ಹುಳಿ ಇದ್ದರೆ, ಅಂದರೆ ಪಿಎಚ್ 5.5ಕ್ಕಿಂತ ಕೆಳಗಿದ್ದರೆ, ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂ ನೀಲಿ. ಹುಳಿ ಕಡಿಮೆಯಾದರೆ ಅಲ್ಯೂಮಿನಿಯಂ ಸಿಗದೆ ಗುಲಾಬಿ ಬಣ್ಣ. ಶಿರಸಿಯ ಕೆಂಪು ಮಣ್ಣು, ವರ್ಷಾನುಗಟ್ಟಲೆ ಮಳೆ ತೊಳೆದು ಸುಣ್ಣದ ಅಂಶ ಹೋಗಿ ಹುಳಿಯಾದ ಮಣ್ಣು. ಹಾಗಾಗಿ ಅಲ್ಲಿ ಏನೂ ಮಾಡದೆ ನೀಲಿ ಬರುತ್ತದೆ. ನನ್ನ ಅತ್ತಿಗೆ ಗುಲಾಬಿ ಬಣ್ಣದ್ದು ಅಂತ ನರ್ಸರಿಯಿಂದ ತಂದದ್ದು ಮರುವರ್ಷ ನೀಲಿಯಾಗಿ, ಅಂಗಡಿಯವ ಮೋಸ ಮಾಡಿದ ಎಂದು ಸಿಟ್ಟಾಗಿದ್ದಳು. ಪಾಪ, ಅವನದೇನೂ ತಪ್ಪಿಲ್ಲ. ಬಿಳಿ ಜಾತಿಯದು ಮಾತ್ರ ಎಲ್ಲಿಟ್ಟರೂ ಬಿಳಿಯೇ.

ಕಾರವಾರದಲ್ಲಿ ಹೈಡ್ರೇಂಜಿಯಾ ಬದುಕುತ್ತದೆ, ಎಲೆ ದೊಡ್ಡದಾಗುತ್ತದೆ, ಹೂವಿಗೆ ಕಾಯುತ್ತಾ ಕೂತಿರಬೇಕು. ಅದರ ಜಾಗಕ್ಕೆ ಕೇಪಳ, ಅಂದರೆ ಇಕ್ಸೋರಾ ಹಾಕಿ. ಇದು ನಮ್ಮದೇ ದಕ್ಷಿಣ ಭಾರತದ ಗುಡ್ಡದ ಗಿಡ. ಬಿಸಿಲು, ಮಳೆ, ಬೇಸಿಗೆ ಯಾವುದಕ್ಕೂ ಜಗ್ಗುವುದಿಲ್ಲ. ಆದರೆ ಇದಕ್ಕೂ ಹುಳಿ ಮಣ್ಣೇ ಬೇಕು. ಹೊಸ ಕಂಪೌಂಡ್ ಗೋಡೆಯ ಬುಡದಲ್ಲಿ ಸಾಲಾಗಿ ನೆಟ್ಟ ಕೇಪಳ ಹಳದಿಯಾಗುವುದನ್ನು ನೋಡಿದ್ದೀರಾ? ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿದು, ಬೇರಿಗೆ ಕಬ್ಬಿಣದ ಅಂಶ ಸಿಗದೆ ಹಾಗಾಗುವುದು. ಸಮುದ್ರದ ಹತ್ತಿರದ ಚಿಪ್ಪಿನ ಚೂರು ತುಂಬಿದ ಹೊಯ್ಗೆಯಲ್ಲೂ ಅದೇ ಕಥೆ, ಚಿಪ್ಪು ಅಂದರೆ ಸುಣ್ಣವೇ ಅಲ್ವಾ. ಗೋಡೆಯಿಂದ ಎರಡು ಅಡಿ ಬಿಟ್ಟು, ಒಂದೂವರೆ ಅಡಿ ಗುಂಡಿ ತೋಡಿ, ಚಿರೆಕಲ್ಲು ಜಾಗದ ಕೆಂಪು ಮಣ್ಣು ತಂದು ತುಂಬಿ ನೆಡಿ.

ಸಮುದ್ರ ಕಾಣುವ ಮನೆಯವರಿಗೆ

ಕೋಡಿಬಾಗ, ಬೈತಖೋಲ್ ತರಹ ನೀರಿನ ಪಕ್ಕದ ಜಾಗಕ್ಕೂ, ಹಬ್ಬುವಾಡದಂತೆ ಒಳಗಿನ ಜಾಗಕ್ಕೂ ಒಂದೇ ಸಲಹೆ ನಡೆಯುವುದಿಲ್ಲ. ಕಡಲಗಾಳಿ ಉಪ್ಪು ಹೊತ್ತು ತರುತ್ತದೆ, ಅದು ಎಲೆಯ ಮೇಲೆ ಕೂತು ಅಂಚು ಸುಡುತ್ತದೆ. ಜನ ಮಳೆಗಾಲದ ಗಾಳಿಗೆ ಹೆದರುತ್ತಾರೆ, ಆದರೆ ಆಗ ಮಳೆಯೇ ಎಲೆಯನ್ನು ತೊಳೆಯುತ್ತಿರುತ್ತದೆ. ನಿಜವಾದ ಸುಡುವಿಕೆ ಫೆಬ್ರವರಿಯಿಂದ ಮೇ ತನಕ, ದಿನಾ ಮಧ್ಯಾಹ್ನ ಬೀಸುವ ಒಣ ಗಾಳಿಯದು. ಆ ತಿಂಗಳುಗಳಲ್ಲಿ ವಾರಕ್ಕೆ ಎರಡು ಸಲ ಸಂಜೆ ಎಲೆಗಳಿಗೆ ಸಿಹಿನೀರು ಹೊಡೆದರೆ ಅರ್ಧ ಸಮಸ್ಯೆ ಮುಗಿಯಿತು.

ಇಂಥ ಜಾಗದಲ್ಲಿ ಮೊದಲ ಸಾಲಿಗೆ ಗಟ್ಟಿ ಗಿಡಗಳೇ ಬೇಕು. ಕಾರವಾರದ ಕಡಲತೀರದ ಉದ್ದಕ್ಕೂ ಗಾಳಿ ಮರ ನೆಟ್ಟದ್ದು ಸುಮ್ನೆ ಅಲ್ಲ. ಮನೆ ಅಂಗಳಕ್ಕೆ ಗಾಳಿ ಮರ ದೊಡ್ಡದಾಯಿತು, ಅದರ ಬದಲು ಕಣಗಿಲೆ, ದೇವಕಣಗಿಲೆ, ಕಾಗದದ ಹೂ. ಜಾಗ ಇದ್ದರೆ ಸುರಹೊನ್ನೆ, ಬೇಲಿಗೆ ಕೇದಿಗೆ. ಕೆಳಗೆ ನೆಲಕ್ಕೆ ಸ್ಪೈಡರ್ ಲಿಲ್ಲಿ, ಬರೀ ಹೊಯ್ಗೆಯಲ್ಲೂ ನಗುತ್ತಾ ಇರುತ್ತದೆ. ಈ ಗಿಡಗಳ ಗೋಡೆಯ ಹಿಂದೆ ನಿಮ್ಮ ದಾಸವಾಳ, ಕ್ರೋಟನ್, ಅಬ್ಬಲಿಗೆ ಎಲ್ಲ ಇಡಬಹುದು. ಕಣಗಿಲೆಯ ಪ್ರತಿ ಭಾಗವೂ ವಿಷ, ಸಣ್ಣ ಮಕ್ಕಳಿರುವ ಮನೆಯಲ್ಲಿ, ದನ ನುಗ್ಗುವ ಅಂಗಳದಲ್ಲಿ ಬೇಡ.

ನೀರಿನದು ಇನ್ನೊಂದು ಗೋಳು. ಏಪ್ರಿಲ್, ಮೇ ಹೊತ್ತಿಗೆ ನದಿ ಬಾಯಿಯ ಹತ್ತಿರದ ಬಾವಿಗಳು ಉಪ್ಪಾಗುತ್ತವೆ. ನಮ್ಮ ಬಾವಿಯೂ ಅಷ್ಟೇ, ಬಾಯಿಗೆ ಅಷ್ಟು ಗೊತ್ತಾಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆ, ಸೋಪು ನೊರೆ ಬರುತ್ತಿಲ್ಲ ಅಂದರೆ ಆ ನೀರನ್ನು ಆಂಥೂರಿಯಂ, ಆರ್ಕಿಡ್, ಕೇಪಳಕ್ಕೆ ಹಾಕಬೇಡಿ. ದೇವಕಣಗಿಲೆ, ಕಾಗದದ ಹೂ ಹೇಗೋ ತಡೆದುಕೊಳ್ಳುತ್ತವೆ. ಅಂದ ಹಾಗೆ, ಇಲ್ಲಿ ತೆಂಗಿಗೆ ಮೀನಿನ ಗೊಬ್ಬರ ಹಾಕುವ ರೂಢಿ ಇದೆ. ಹಸಿ ಮೀನಿನ ಕಸವಾದರೆ ಕೊಳೆಸಿ ಹಾಕಿ, ಚಿನ್ನದಂಥ ಗೊಬ್ಬರ. ಉಪ್ಪು ಹಾಕಿ ಒಣಗಿಸಿದ್ದು ಕುಂಡಕ್ಕೆ ಬೇಡವೇ ಬೇಡ. ನಾನು ಹಾಕಿ ಒಂದು ಸಾಲು ಕ್ರೋಟನ್ ಕಳೆದುಕೊಂಡೆ, ಊರಿನ ಬೆಕ್ಕೆಲ್ಲ ನಮ್ಮ ಅಂಗಳದಲ್ಲಿ ಸೇರಿದ್ದು ಬೇರೆ.

ಕಾಗದದ ಹೂ, ಅಡೇನಿಯಂ

ಎರಡೂ ಬಿಸಿಲಿನ ಗಿಡ, ಎರಡಕ್ಕೂ ನೀರು ಕಡಿಮೆ ಬೇಕು. ಒಂದನ್ನು ಆರಿಸಿ ಅಂದರೆ ನಾನು ಕಣ್ಣು ಮುಚ್ಚಿ ಕಾಗದದ ಹೂ ಅನ್ನುತ್ತೇನೆ. ಮಳೆಗಾಲದಲ್ಲಿ ಅದು ಬರೀ ಎಲೆ, ಮುಳ್ಳು ಬೆಳೆಸುತ್ತದೆ, ಆದರೆ ಸಾಯುವುದಿಲ್ಲ. ಅಕ್ಟೋಬರ್‌ನಲ್ಲಿ ಕತ್ತರಿಸಿ, ನವೆಂಬರ್‌ನಿಂದ ನೀರು ಕಡಿಮೆ ಮಾಡಿ. ಎಲೆ ಸ್ವಲ್ಪ ಬಾಡುವವರೆಗೆ ಕಾದು ನೀರು ಕೊಟ್ಟರೆ ಮೇ ತನಕ ಹೂವಿನ ಸುರಿಮಳೆ. ದಿನಾ ನೀರು ಹಾಕಿ ಮುದ್ದು ಮಾಡುವವರ ಮನೆಯಲ್ಲಿ ಇದು ಹೂ ಬಿಡುವುದಿಲ್ಲ. ಕರಾವಳಿಯಲ್ಲಿ ಘಟ್ಟಕ್ಕಿಂತ ಚೆನ್ನಾಗಿ ಬರುತ್ತದೆ, ಕಾರಣ ಇಷ್ಟೇ, ಇಲ್ಲಿ ಬಿಸಿಲಿನ ಜಾಗ ಜಾಸ್ತಿ. ಶಿರಸಿಯಲ್ಲೂ ಮರದ ನೆರಳಿಲ್ಲದ ಗೋಡೆ ಸಿಕ್ಕರೆ ಇದೇ ಹೂ.

ಅಡೇನಿಯಂ ಮರಳುಗಾಡಿನ ಅಂಚಿನ ಗಿಡ, ಅದರ ದಪ್ಪ ಬುಡವೇ ನೀರಿನ ಟ್ಯಾಂಕು. ನಮ್ಮ ಜೂನ್ ಮಳೆಗೆ ಹೊರಗಿಟ್ಟರೆ ಟ್ಯಾಂಕು ಕೊಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಜಗಲಿಗೆ ಎತ್ತಿಡಿ, ಆ ನಾಲ್ಕು ತಿಂಗಳು ನೀರೂ ಬೇಡ ಅನ್ನುವಷ್ಟು ಕಡಿಮೆ. ಇಷ್ಟು ಎತ್ತಾಟ ಆಗುತ್ತದೆ ಅನ್ನುವವರು ತನ್ನಿ.

ಮುಡಿಯುವ ಹೂಗಳು

ಮಲ್ಲಿಗೆಗೆ ಬಿಸಿ ಬೇಕು. ಭಟ್ಕಳದ ಮಲ್ಲಿಗೆಗೆ ಹೆಸರು ಬಂದದ್ದು ಕರಾವಳಿಯ ಸೆಖೆ, ಬಿಸಿಲು, ಮರಳು ಸೇರಿದ ಮಣ್ಣಿನಲ್ಲಿ. ಶಿರಸಿಯಲ್ಲಿ ಚಳಿಗಾಲಕ್ಕೆ ಅದು ಮಂಕಾಗಿ ಕೂರುತ್ತದೆ, ಮಾರ್ಚ್ ಬಂದ ಮೇಲೆ ಮೊಗ್ಗು. ಸೇವಂತಿಗೆ ಅದಕ್ಕೆ ತದ್ವಿರುದ್ಧ. ರಾತ್ರಿ ಉದ್ದವಾಗುತ್ತಾ ಹೋದಾಗ ಮೊಗ್ಗು ಕಟ್ಟುವ ಗಿಡ, ತಂಪಿದ್ದರೆ ಹೂ ದೊಡ್ಡ, ಬಾಳಿಕೆಯೂ ಹೆಚ್ಚು. ಇಲ್ಲಿ ಒಂದು ಮಾತು, ಬೀದಿದೀಪದ ಕೆಳಗೋ, ರಾತ್ರಿಯಿಡೀ ಬಲ್ಬು ಉರಿಯುವ ಸಿಟ್‌ಔಟಿನಲ್ಲೋ ಸೇವಂತಿಗೆ ಇಟ್ಟರೆ ಅದಕ್ಕೆ ರಾತ್ರಿ ಆಗಿದ್ದೇ ತಿಳಿಯುವುದಿಲ್ಲ, ಎಲೆ ಬಿಡುತ್ತಲೇ ಇರುತ್ತದೆ. ಕಾರವಾರದ ಒಬ್ಬರು ಎರಡು ವರ್ಷ ಗೊಬ್ಬರ ಬದಲಾಯಿಸಿ ಬದಲಾಯಿಸಿ ಸೋತಿದ್ದರು. ಕುಂಡವನ್ನು ಹಿತ್ತಲಿಗೆ ಒಯ್ದಿಟ್ಟ ವರ್ಷ ಹೂ ಬಂತು.

ಅಬ್ಬಲಿಗೆ ಎರಡೂ ಕಡೆಗೆ ಸೈ. ಕರಾವಳಿಯ ಮರಳು ಮಣ್ಣಿನಲ್ಲಿ ಒಂದೆರಡು ವರ್ಷ ಚೆನ್ನಾಗಿದ್ದು ಆಮೇಲೆ ಕಾರಣವಿಲ್ಲದೆ ಬಾಡುತ್ತದೆ. ಕಿತ್ತು ನೋಡಿದರೆ ಬೇರು ಕಪ್ಪಾಗಿರುತ್ತದೆ, ಅದು ಮಣ್ಣಿನಲ್ಲಿರುವ ಜಂತುಹುಳದ (ನೆಮಟೋಡ್) ಕೆಲಸ. ಅದೇ ಜಾಗದಲ್ಲಿ ಮತ್ತೆ ಅಬ್ಬಲಿಗೆ ನೆಡಬೇಡಿ. ಒಂದು ಹಂಗಾಮು ಗೊಂಡೆ ಹೂ ಹಾಕಿ, ಬೇವಿನ ಹಿಂಡಿ ಬೆರೆಸಿ, ಆಮೇಲೆ ನೋಡಿ.

ನೆರಳಿನ ಚೆಲುವೆಯರು

ಆಂಥೂರಿಯಂ ಶಿರಸಿಯ ಅಡಿಕೆ ತೋಟಕ್ಕೆ ಹೇಳಿ ಮಾಡಿಸಿದ ಗಿಡ. ಮುಕ್ಕಾಲು ಭಾಗ ನೆರಳು, ಒದ್ದೆ ಗಾಳಿ, ಬುಡದಲ್ಲಿ ನೀರು ನಿಲ್ಲದ ಸಡಿಲ ಮಿಶ್ರಣ, ಇಷ್ಟೇ ಬೇಡಿಕೆ. ಕರಾವಳಿಯಲ್ಲೂ ತೆಂಗಿನ ನೆರಳಿನಲ್ಲಿ ಬರುತ್ತದೆ, ಉಪ್ಪು ನೀರಿನಿಂದ ದೂರ ಇದ್ದರೆ. ತೆಂಗಿನ ನಾರಿನ ಪುಡಿ ಬಳಸುವವರು ಅದನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ, ಅದರಲ್ಲೂ ಉಪ್ಪಿರುತ್ತದೆ.

ಆರ್ಕಿಡ್ ಕೊಳ್ಳುವಾಗ ಹೆಸರು ಕೇಳಿ. ಡೆಂಡ್ರೋಬಿಯಂ ಆದರೆ ಕಾರವಾರ, ಕುಮಟಾ, ಹೊನ್ನಾವರದವರು ಧೈರ್ಯವಾಗಿ ತನ್ನಿ, ಇದ್ದಿಲು, ತೆಂಗಿನ ಸಿಪ್ಪೆಯ ತುಂಡು, ಬೆಳಗಿನ ಬಿಸಿಲು, ಮುಗಿಯಿತು. ಫೆಲನಾಪ್ಸಿಸ್ ಆದರೆ, ಅದೇ ಚಿಟ್ಟೆಯಂಥ ಅಗಲ ಹೂವಿನದು, ಮತ್ತೆ ಹೂದಂಡು ಬರಲು ಕೆಲವು ವಾರ ತಂಪು ಸಿಗಬೇಕು. ಶಿರಸಿಯ ನವೆಂಬರ್, ಡಿಸೆಂಬರ್‌ನಲ್ಲಿ ನೆರಳಲ್ಲಿಟ್ಟರೆ ಸಾಧ್ಯ. ಕಾರವಾರದಲ್ಲಿ ನನ್ನದು ನಾಲ್ಕು ವರ್ಷದಿಂದ ಎಲೆ ಮಾತ್ರ ಬಿಡುತ್ತಿದೆ, ಎಸೆಯಲು ಮನಸ್ಸಿಲ್ಲ.

ಇವೆಲ್ಲಕ್ಕಿಂತ ನನಗಿಷ್ಟ ನಮ್ಮ ಕಾಡಿನ ಆರ್ಕಿಡ್ ಸೀತಾಳೆ ದಂಡೆ, ಮಳೆ ಶುರುವಾಗುವ ಹೊತ್ತಿಗೆ ನರಿ ಬಾಲದಂತೆ ಇಳಿಬೀಳುವ ಹೂ. ಆದರೆ ಕಾಡಿನ ಮರದಿಂದ ಕಿತ್ತು ತರಬೇಡಿ. ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿ ಸಿಕ್ಕರೆ ತಂದು ಹಲಸಿನ ಮರಕ್ಕೆ ಕಟ್ಟಿ, ಅದರ ಪಾಡಿಗೆ ಬಿಡಿ.

ಯಾವಾಗ ನೆಡಬೇಕು

ಗೆಲ್ಲು ಊರುವುದಾದರೆ ಜೂನ್ ಮೊದಲ ವಾರ, ಎರಡೂ ಕಡೆ. ದುಡ್ಡು ಕೊಟ್ಟು ತಂದ ನರ್ಸರಿ ಗಿಡವಾದರೆ ಸೆಪ್ಟೆಂಬರ್ ಕೊನೆಗೆ, ಜಡಿಮಳೆ ಮುಗಿದು ಮಣ್ಣು ಹದವಾಗಿರುವಾಗ. ಜೂನ್‌ನಲ್ಲಿ ನೆಟ್ಟರೆ ಹೊಸ ಗುಂಡಿ ಕೆರೆಯಾಗುತ್ತದೆ. ಶಿರಸಿಯ ಅಂಟು ಮಣ್ಣಿನಲ್ಲಂತೂ ನೀರು ಇಳಿಯುವುದೇ ಇಲ್ಲ, ಒಂದು ಅಡಿ ಏರಿ ಮಾಡಿಯೇ ನೆಡಿ. ಕರಾವಳಿಯ ಹೊಯ್ಗೆಯಲ್ಲಿ ತದ್ವಿರುದ್ಧ, ನೀರು ನಿಲ್ಲುವುದಿಲ್ಲ, ಜೊತೆಗೆ ಹಾಕಿದ ಗೊಬ್ಬರವೂ ನಿಲ್ಲುವುದಿಲ್ಲ. ಅಲ್ಲಿ ಸ್ವಲ್ಪ ಸ್ವಲ್ಪ ಗೊಬ್ಬರ ತಿಂಗಳಿಗೊಮ್ಮೆ, ಬುಡಕ್ಕೆ ಸೋಗೆ ಇಲ್ಲವೇ ತೆಂಗಿನ ಸಿಪ್ಪೆಯ ಹೊದಿಕೆ.

ಪೆಟುನಿಯಾದಂಥ ಚಳಿಗಾಲದ ಹೂಗಳಿಗೆ ಕರಾವಳಿಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಮಾತ್ರ ಅವಕಾಶ, ಘಟ್ಟದ ಮೇಲೆ ಮಾರ್ಚ್ ತನಕ ಎಳೆಯಬಹುದು. ಮುಂಡಗೋಡ, ಹಳಿಯಾಳದವರು ಇದನ್ನು ಓದುತ್ತಿದ್ದರೆ ನಿಮ್ಮ ಕಥೆಯೇ ಬೇರೆ, ಮಳೆ ಕಡಿಮೆ, ಬಯಲುಸೀಮೆಯ ಗಾಳಿ. ಗುಲಾಬಿ, ಸೇವಂತಿಗೆ ನಿಮಗೆ ನಮಗಿಂತ ಸುಲಭ. ಇನ್ನು ಗಿಡಗಳನ್ನು ಕೊಳ್ಳುವುದಕ್ಕಿಂತ ಬದಲಾಯಿಸಿಕೊಳ್ಳುವುದು ಒಳ್ಳೆಯದು ಎನ್ನುವವಳು ನಾನು. ಶಿರಸಿಯ ವನಸ್ತ್ರೀ ಬಳಗದವರ ಮಲೆನಾಡು ಮೇಳಕ್ಕೆ ಹೋದರೆ ಇಲ್ಲಿಯ ಮಳೆ ಕಂಡು ಉಳಿದ ಬೀಜ, ಗಡ್ಡೆ ಸಿಗುತ್ತವೆ. ಲಾರಿಯಲ್ಲಿ ಬಂದ ಗಿಡಕ್ಕಿಂತ ಅವು ಸಾವಿರ ಪಾಲು ಮೇಲು.

ಡೇರೆ? ಕರಾವಳಿಯಲ್ಲಿ ಹಟ ಇದ್ದರೆ ಹೀಗೆ ಮಾಡಿ. ಗಡ್ಡೆಯನ್ನು ಮಳೆಗಾಲದಲ್ಲಿ ನೆಡಬೇಡಿ. ಅಕ್ಟೋಬರ್ ಮಧ್ಯದಲ್ಲಿ ಕುಂಡದಲ್ಲಿ ನೆಟ್ಟು, ಮನೆಯ ಪೂರ್ವಕ್ಕೆ ಬೆಳಗಿನ ಬಿಸಿಲಿಗೆ ಇಡಿ, ಒಂದು ಅಡಿ ಆದಾಗ ತುದಿ ಚಿವುಟಿ. ಜನವರಿಯಲ್ಲಿ ಹೂ ಬರುತ್ತದೆ, ಶಿರಸಿಯ ಅರ್ಧದಷ್ಟು, ಆದರೂ ಡೇರೆ ಡೇರೆಯೇ. ಮಾರ್ಚ್‌ಗೆ ಗಡ್ಡೆ ಕಿತ್ತು ಒಣ ಮರಳಿನಲ್ಲಿ ಹೂತಿಡಿ. ಇಡಲು ತಂಪು ಜಾಗ ಇಲ್ಲದಿದ್ದರೆ ನನ್ನ ಹಾಗೆ ತವರಿಗೆ ಕಳಿಸಿಬಿಡಿ. ಮೊನ್ನೆ ಆಯಿ ಫೋನಿನಲ್ಲಿ "ಡೇರೆ ಗಡ್ಡೆ ಕಳಸ್ಲನೆ?" ಎಂದಳು. ಮಳೆ ಮುಗಿಯಲಿ, ಈಗ ಬೇಡ, ಹೂವಿನ ಫೋಟೋ ಮಾತ್ರ ಕಳಿಸು ಎಂದೆ. ಫೋಟೋ ಬಂತು. ಮರುದಿನ ಕುಮಟಾ ಬಸ್ಸಿನಲ್ಲಿ ಗಡ್ಡೆಯೂ ಬಂತು.